ತಂಬೂರಿಯ ಜವಾರಿ ಲ್ಯಾಪ್‌ಟಾಪಿನಲ್ಲಿ ಸಿಗುತ್ತದಾ?

ಡಿಸೆಂಬರ್ ಬಂತೆಂದರೆ ಪುಣೆಯ ಕನ್ನಡದವರ ಮನೆಗಳಲ್ಲಿ ಸವಾಯಿ ಗಂಧರ್ವ ಸಂಗೀತ ಉತ್ಸವದ್ದೇ ಮಾತು. ಕುಂದಗೋಳದ ಗುರುವಿನ ಹೆಸರಲ್ಲಿ ಗದಗ ಸೀಮೆಯ ಭೀಮಸೇನ ಜೋಶಿ 1953ರಲ್ಲಿ ಶುರು ಮಾಡಿದ್ದು, ನಮ್ಮದೇ ಹಬ್ಬ ಅಲ್ವಾ. ಆ ಮಾತಿನ ನಡುವೆ ಯಾರಾದರೂ ಹಿರಿಯರು ಅಂದೇ ಅನ್ನುತ್ತಾರೆ: "ಕಂಪ್ಯೂಟರಿನ ನಾದದಾಗ ಜೀವಾ ಇರಂಗಿಲ್ಲ ಬಿಡ್ರಿ." ಕೇಳಿ ಕೇಳಿ ಸಾಕಾಗಿದೆ. ಜೀವ ಇಲ್ಲ ಅಂದುಬಿಟ್ಟರೆ ಯೋಚಿಸುವ ಕೆಲಸವೇ ಮುಗೀತು. ಕೊರತೆ ಇರುವುದು ಎಲ್ಲಿ ಅಂತ ಕೇಳೋಣ.

ಸಾಫ್ಟ್‌ವೇರ್ ಸಿಂಥ್, ಅಂದರೆ ಲೆಕ್ಕದಿಂದಲೇ ನಾದ ಹುಟ್ಟಿಸುವ ಪ್ರೋಗ್ರಾಂ, ತಂತಿ ಮೀಟುವ ಒಂದು ಬಗೆ ನೋಡಿ. 1983ರಲ್ಲಿ ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಪ್ರಕಟಿಸಿದ ಉಪಾಯ ಇದು. ಸುಮ್ನೆ ಮನಸ್ಸಿಗೆ ಬಂದ ನೂರು ಅಂಕಿಗಳನ್ನು ಸಾಲಾಗಿ ಇಡಿ. ಒಂದೊಂದಾಗಿ ಸ್ಪೀಕರಿಗೆ ಕಳಿಸಿ. ಕಳಿಸಿದ ಅಂಕಿಯ ಜಾಗಕ್ಕೆ ಅದರ ಮತ್ತು ಪಕ್ಕದ್ದರ ಸರಾಸರಿ ಹಾಕಿ. ಸಾಲು ಮುಗಿದರೆ ಮತ್ತೆ ಮೊದಲಿಂದ. ಅಷ್ಟೇ! ಮೊದಲು ಬರೀ ಕರಕರ. ಸರಾಸರಿ ತೆಗೆದಷ್ಟೂ ಚೂಪಾದ ಏರಿಳಿತಗಳು ಸವೆಯುತ್ತವೆ, ನಾದ ಮೆತ್ತಗಾಗುತ್ತದೆ. ಮೀಟಿದ ತಂತಿಯಲ್ಲೂ ಮೇಲಿನ, ಅಂದರೆ ವೇಗದ, ಕಂಪನಗಳೇ ಮೊದಲು ಅಡಗುವುದು. ಅದಕ್ಕೇ ಕಿವಿ ಇದನ್ನು ತಂತಿ ಎಂದೇ ನಂಬುತ್ತದೆ.

ಶ್ರುತಿ ಮಾತ್ರ ಕಾಡುತ್ತದೆ. ಸೆಕೆಂಡಿಗೆ 44,100 ಅಂಕಿ ಹೋಗುವಾಗ ನೂರರ ಸಾಲು ಸುಮಾರು 438.8 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ನುಡಿಯುತ್ತದೆ; ಸರಾಸರಿ ತೆಗೆಯುವುದು ಅರ್ಧ ಅಂಕಿಯಷ್ಟು ತಡ ಮಾಡುವುದರಿಂದ 441 ಅಲ್ಲ. ಒಂದು ಅಂಕಿ ಕಿತ್ತರೆ 443.2. ನಡುವೆ 440 ಬೇಕೆಂದರೆ ಸಿಗದು. ಅದೇ ವರ್ಷ ಜಾಫೆ ಮತ್ತು ಸ್ಮಿತ್ ಒಂದು ಫಿಲ್ಟರ್ ಸೇರಿಸಿ ಇದನ್ನು ಸರಿಪಡಿಸಿದರು.

ಇನ್ನು ತಂಬೂರಿ. ಅದರ ಕುದುರೆ, ಅಂದರೆ ತಂತಿಗಳು ಕೂರುವ ಪಟ್ಟಿ, ಅಗಲ, ಸ್ವಲ್ಪ ಬಾಗಿದ್ದು. ತಂತಿಯ ಕೆಳಗಿನ ನೂಲನ್ನು ಕೂದಲೆಳೆಯಷ್ಟು ಸರಿಸಿದರೆ ಜವಾರಿ ಎನ್ನುವ ಝೇಂಕಾರ ತೆರೆದುಕೊಳ್ಳುತ್ತದೆ. ತಂತಿ ಪ್ರತಿ ಕಂಪನಕ್ಕೂ ಕುದುರೆಗೆ ತಾಗಿ, ಮೇಲಿನ ಕಂಪನಗಳು ಮತ್ತೆ ಮತ್ತೆ ಹುಟ್ಟುತ್ತವೆ. ಈ ಕುದುರೆಯ ವಿಚಿತ್ರವನ್ನು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದಾರೆ. ಸರಾಸರಿಯ ಉಪಾಯದಲ್ಲಿ ಅವು ಸವೆಯುವುದಷ್ಟೇ, ಹುಟ್ಟುವುದಿಲ್ಲ. ತಾಗುವುದನ್ನೂ ಲೆಕ್ಕ ಹಾಕಬಹುದು, ಆದರೆ ಹುಟ್ಟಿದ್ದು 44,100ರ ಅರ್ಧ, ಅಂದರೆ 22,050 ಹರ್ಟ್ಸ್, ದಾಟಿದರೆ ಮಡಚಿಕೊಂಡು ಕೆಳಗೆ ಬರುತ್ತದೆ: 25,000 ಇದ್ದದ್ದು 19,100 ಆಗುತ್ತದೆ. ಇನ್ನೂ ಮೇಲಿನವು ಇನ್ನೂ ಕೆಳಗಿಳಿದು ಅಪಸ್ವರ ನುಡಿಯುತ್ತವೆ. ತಪ್ಪಿಸಲು ನಾಲ್ಕೆಂಟು ಪಟ್ಟು ವೇಗದಲ್ಲಿ ಲೆಕ್ಕ ಹಾಕಬೇಕು. ಲ್ಯಾಪ್‌ಟಾಪಿನ ಫ್ಯಾನೇ ಶ್ರುತಿ ಹಿಡಿಯುತ್ತದೆ.

ಹಾಗಂತ ತಂಬೂರಿಯ ನಕಲಿಗಷ್ಟೇ ಸಿಂಥ್ ಬಳಸುವುದು ದಂಡ. ಮೀಟಿದ ಮೇಲೆ ಮೆತ್ತಗಾಗುವ ಬದಲು ಚೂಪಾಗುತ್ತಾ ಹೋಗುವ ತಂತಿ ಬೇಕೇ? ಒಂದು ನಾಬ್ ತಿರುಗಿಸಿದರೆ ಸಾಕು. ಮಳೆಗಾಲದಲ್ಲೂ ಶ್ರುತಿ ಇಳಿಯುವುದಿಲ್ಲ.

ನನ್ನ ತಕರಾರು ಬೆರಳಿನದು. ಸಿಂಥ್‌ಗೆ ಸ್ವರ ತಿಳಿಸುವ ಸಾಮಾನ್ಯ ಮಿಡಿ (MIDI) ಕೀಲಿಮಣೆ ಒತ್ತಿದ ರಭಸವನ್ನು 1ರಿಂದ 127ರೊಳಗಿನ ಒಂದೇ ಅಂಕಿಯಾಗಿ ಕಳಿಸುತ್ತದೆ. ತಂತಿಗೆ ತಾಗಿದ್ದು ಬೆರಳಿನ ತುದಿಯೋ ಪಕ್ಕವೋ, ಅದು ಜಾರಿತೋ ಎಳೆಯಿತೋ, ಸಿಂಥ್‌ಗೆ ಯಾರೂ ಹೇಳುವುದೇ ಇಲ್ಲ.