ಸಿಂಗಲ್ಟನ್: ಒಂದೇ ಆಬ್ಜೆಕ್ಟ್, ಆದರೆ ಎಲ್ಲಿಯವರೆಗೆ ಒಂದು?

ಹಿಂಜವಡಿಯ ಕಂಪನಿಗಳ ಸಂದರ್ಶನಕ್ಕೆ ಓದುತ್ತಿರುವ ಪುಣೆಯ ಕನ್ನಡದ ಗೆಳೆಯರಿಗಾಗಿ ಈ ಟಿಪ್ಪಣಿ. ಭಾಷೆ ಜಾವಾ.

ಕನ್ನಡ ಸಂಘವೊಂದು ರಾಜ್ಯೋತ್ಸವಕ್ಕೆ ದೇಣಿಗೆ ಎತ್ತುತ್ತಿದೆ ಎನ್ನಿ. ಪ್ರತಿ ರಸೀದಿಗೂ ಬೇರೆ ಸಂಖ್ಯೆ ಬೇಕು. ಸಂಖ್ಯೆ ಕೊಡುವ ಆಬ್ಜೆಕ್ಟ್ ಎರಡಾದರೆ 101ನೇ ರಸೀದಿ ಇಬ್ಬರ ಕೈಗೆ ಹೋಗುತ್ತದೆ, ಖಜಾಂಚಿಯ ಲೆಕ್ಕ ತಾಳೆಯಾಗುವುದಿಲ್ಲ. ಅದಕ್ಕೇ ಸಿಂಗಲ್ಟನ್, ಅಂದರೆ ಒಂದು ಕ್ಲಾಸಿಗೆ ಒಂದೇ ಆಬ್ಜೆಕ್ಟ್ ಇರುವಂತೆ ಬರೆಯುವ ವಿಧಾನ. ಕನ್‌ಸ್ಟ್ರಕ್ಟರ್ ಪ್ರೈವೇಟ್ ಆಗಿರಲಿ. ಬರೆಯದೇ ಬಿಟ್ಟರೆ, ಪಬ್ಲಿಕ್ ಕ್ಲಾಸಿಗೆ ಕಂಪೈಲರ್ ತಾನೇ ಪಬ್ಲಿಕ್ ಕನ್‌ಸ್ಟ್ರಕ್ಟರ್ ಸೇರಿಸಿಬಿಡುತ್ತದೆ. ಆಬ್ಜೆಕ್ಟನ್ನು ಹಿಡಿದಿಡಲು ಒಂದು ಸ್ಟ್ಯಾಟಿಕ್ ಫೀಲ್ಡ್, ಹೊರಗಿನವರಿಗೆ ಕೊಡಲು ಒಂದು ಸ್ಟ್ಯಾಟಿಕ್ ಮೆಥಡ್. ಅಷ್ಟೇ.

ತೊಂದರೆ ಶುರುವಾಗುವುದು 'ಫೀಲ್ಡ್ ನಲ್ ಇದ್ದರೆ ಹೊಸದು ಮಾಡು' ಎಂದು ಬರೆದಾಗ. ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ಓಡುವ ಥ್ರೆಡ್‌ಗಳಲ್ಲಿ ಮೊದಲನೆಯದು ನಲ್ ಎಂದು ನೋಡಿ ಇನ್ನೂ ಆಬ್ಜೆಕ್ಟ್ ಮಾಡಿರುವುದಿಲ್ಲ, ಅಷ್ಟರಲ್ಲಿ ಎರಡನೆಯದೂ ಬಂದು ನಲ್ ಎಂದೇ ನೋಡುತ್ತದೆ. ಆಬ್ಜೆಕ್ಟ್ ಎರಡು! ಒಮ್ಮೆಗೆ ಒಂದೇ ಥ್ರೆಡ್ ಒಳಹೋಗುವಂತೆ ಮೆಥಡ್‌ಗೆ ಸಿಂಕ್ರೊನೈಜ್ಡ್ ಹಾಕಿದರೆ ಸರಿಹೋಗುತ್ತದೆ, ಆದರೆ ಪ್ರತಿ ಕರೆಗೂ ಲಾಕ್ ಹಿಡಿಯಬೇಕು. ಲಾಕ್‌ನ ಹೊರಗೊಮ್ಮೆ, ಒಳಗೊಮ್ಮೆ ನಲ್ ನೋಡುವ 'ಡಬಲ್ ಚೆಕ್' ವಿಧಾನಕ್ಕೆ ಫೀಲ್ಡ್ ವೊಲಟೈಲ್ ಆಗಿರಲೇಬೇಕು. ಇಲ್ಲದಿದ್ದರೆ ಕನ್‌ಸ್ಟ್ರಕ್ಟರ್ ಬರೆದ ಬೆಲೆಗಳು ಕಾಣುವ ಮೊದಲೇ ರೆಫರೆನ್ಸ್ ಇನ್ನೊಂದು ಥ್ರೆಡ್‌ಗೆ ಕಾಣಬಹುದು. ಆ ಥ್ರೆಡ್ ಅರೆಬೆಂದ ಆಬ್ಜೆಕ್ಟನ್ನೇ ಬಳಸುತ್ತದೆ. ವೊಲಟೈಲ್‌ಗೆ ಈ ಭರವಸೆ ಬಂದದ್ದು 2004ರ ಜಾವಾ 5ರಿಂದ.

ಇಷ್ಟೆಲ್ಲ ತಲೆನೋವು ಯಾಕೆ? ಒಳಗೊಂದು ಸ್ಟ್ಯಾಟಿಕ್ ಕ್ಲಾಸ್ ಮಾಡಿ ಅದರ ಫೈನಲ್ ಫೀಲ್ಡ್‌ನಲ್ಲಿ ಆಬ್ಜೆಕ್ಟ್ ಇಡಿ. ಮೊದಲ ಬಾರಿ ಬಳಸಿದಾಗಲೇ ಆ ಕ್ಲಾಸ್ ಇನಿಶಿಯಲೈಸ್ ಆಗುತ್ತದೆ, ಥ್ರೆಡ್‌ಗಳ ಕಾವಲನ್ನು ಜಾವಾ ಓಡಿಸುವ ಜೆವಿಎಂ ನೋಡಿಕೊಳ್ಳುತ್ತದೆ. ಇನ್ನೂ ಗಟ್ಟಿ ಬೇಕೇ? ಒಂದೇ ಸದಸ್ಯನಿರುವ ಈನಮ್ (ಸದಸ್ಯರನ್ನು ಮೊದಲೇ ಹೆಸರಿಸಿಡುವ ಬಗೆಯ ಕ್ಲಾಸ್). ಪ್ರೈವೇಟ್ ಕನ್‌ಸ್ಟ್ರಕ್ಟರನ್ನೂ ಕರೆಯಬಲ್ಲ ರಿಫ್ಲೆಕ್ಷನ್‌ನಿಂದ ಇನ್ನೊಂದನ್ನು ಹುಟ್ಟಿಸಲು ಆಗುವುದಿಲ್ಲ, ಸೀರಿಯಲೈಸ್ ಮಾಡಿ (ಬೈಟ್‌ಗಳಾಗಿಸಿ) ಮರಳಿ ಓದಿದರೂ ಅದೇ ಆಬ್ಜೆಕ್ಟ್ ಸಿಗುತ್ತದೆ. ಈನಮ್ ಬೇರೆ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಲಾರದು, ಇಂಟರ್‌ಫೇಸ್ ಮಾತ್ರ ಸಾಧ್ಯ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆಬ್ಜೆಕ್ಟ್ ಒಂದೇ ಆದರೂ ರಸೀದಿ ಎರಡಾಗಬಹುದು: 'ಒಂದು ಕೂಡಿಸು' ಎಂಬುದು ಓದು, ಕೂಡು, ಬರೆ ಎಂಬ ಮೂರು ಕೆಲಸ. ಎರಡು ಥ್ರೆಡ್ 100 ಎಂದು ಓದಿದರೆ ಎರಡೂ 101 ಕೊಡುತ್ತವೆ. ಎಣಿಕೆಗೆ ಈ ಮೂರನ್ನೂ ಒಂದೇ ಏಟಿಗೆ ಮುಗಿಸುವ ಅಟಾಮಿಕ್‌ಇಂಟಿಜರ್ ಬಳಸಿ.

ಟೆಸ್ಟ್ ಬರೆಯುವಾಗಲೂ ಕಾಟ ತಪ್ಪದು. ಒಂದು ಟೆಸ್ಟ್ ಏರಿಸಿದ ಎಣಿಕೆ ಮುಂದಿನದಕ್ಕೆ ಹಾಗೇ ಉಳಿಯುತ್ತದೆ, ಟೆಸ್ಟ್‌ಗಳ ಕ್ರಮ ಬದಲಾದರೆ ಫಲಿತಾಂಶವೂ ಬದಲು. ಆಬ್ಜೆಕ್ಟನ್ನು ಕನ್‌ಸ್ಟ್ರಕ್ಟರ್ ಮೂಲಕ ಹೊರಗಿನಿಂದ ಕೊಡುವುದೇ ವಾಸಿ. ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕ್‌ನಲ್ಲಿ ಮಾಡುವುದು ಇದನ್ನೇ. ಅಲ್ಲಿ ಸಿಂಗಲ್ಟನ್ ಎಂದರೆ, ಆಬ್ಜೆಕ್ಟ್‌ಗಳನ್ನು ಮಾಡಿ ಕೊಡುವ ಒಂದು ಕಂಟೇನರ್‌ನಲ್ಲಿ, ಬೀನ್ ಎಂದು ಹೇಳಿಟ್ಟ ಪ್ರತಿಯೊಂದಕ್ಕೂ ಒಂದೇ ಆಬ್ಜೆಕ್ಟ್.

ಕೊನೆಗೆ, 'ಒಂದೇ' ಎಂಬ ಮಾತು, ಕ್ಲಾಸ್‌ಗಳನ್ನು ಜೆವಿಎಂಗೆ ತುಂಬುವ ಒಂದು ಕ್ಲಾಸ್‌ಲೋಡರ್‌ನೊಳಗೆ ಮಾತ್ರ. ಮುಂಬೈಯ ಮಾಟುಂಗದ ಕೌಂಟರಿಗೊಂದು, ಪುಣೆಗೊಂದು ಸರ್ವರ್ ಇಟ್ಟರೆ ಸಿಂಗಲ್ಟನ್‌ಗಳೂ ಎರಡು. ರೀಸ್ಟಾರ್ಟ್ ಆದರೆ ಎಣಿಕೆ ಮತ್ತೆ ಮೊದಲಿನಿಂದ. ರಸೀದಿ ಸಂಖ್ಯೆಯ ನಿಜವಾದ ಜಾಗ, ಸಂಖ್ಯೆಗಳನ್ನು ಸರದಿಯಂತೆ ಕೊಡುವ ಡೇಟಾಬೇಸ್‌ನ ಸೀಕ್ವೆನ್ಸ್. ರೋಲ್‌ಬ್ಯಾಕ್ ಆದಾಗ (ಟ್ರಾನ್ಸಾಕ್ಷನ್ ರದ್ದಾದಾಗ) ಅದರಲ್ಲಿ ನಡುವೆ ಸಂಖ್ಯೆ ಬಿಟ್ಟುಹೋಗುತ್ತದೆ. ಬಿಡಲೇಬಾರದು ಎಂದು ಆಡಿಟರ್ ಹಟ ಹಿಡಿದರೆ, ಟೇಬಲ್‌ನ ಒಂದು ಸಾಲಿಗೆ ಲಾಕ್ ಹಾಕಿ, ರಸೀದಿ ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ ಸಂಖ್ಯೆಯನ್ನು ಏರಿಸಿ.