ಪದ ಪರಿಚಯ: ಟೈಟರ್

ನಾನು ಹಾಸನದಲ್ಲಿ ಲ್ಯಾಬ್ ಟೆಕ್ನಿಷಿಯನ್. ನರ್ಸಿಂಗ್ ಮುಗಿಸಿದ ಹುಡುಗಿಯರು ಕೆಲಸಕ್ಕೆ ಸೇರುವ ಮುಂಚೆ ರಕ್ತ ಕೊಡಲು ಬರುತ್ತಾರೆ. ಚೀಟಿಯಲ್ಲಿ 'ಆಂಟಿ ಎಚ್‌ಬಿಎಸ್ ಟೈಟರ್' ಅಂತ ಇರುತ್ತದೆ. "ಸಾರ್, ಹೆಪಟೈಟಿಸ್ ಬಿ ಮೂರು ಡೋಸೂ ಆಗಿದೆ, ಮತ್ತೆ ಇದ್ಯಾಕೆ?" ಅಂತ ಕೇಳುತ್ತಾರೆ.

ಲಸಿಕೆ ಹಾಕಿಸಿಕೊಂಡದ್ದು ಕಾರ್ಡಿನಲ್ಲಿರುತ್ತದೆ. ಅದು ಮೈಗೆ ಹತ್ತಿತೋ ಇಲ್ಲವೋ ಅನ್ನೋದು ರಕ್ತದಲ್ಲಿರುತ್ತದೆ. ರಕ್ತದಲ್ಲಿ ರೋಗ ತಡೆಯುವ ಪ್ರತಿಕಾಯ ಎಷ್ಟಿದೆ ಎಂಬ ಅಳತೆಯೇ ಟೈಟರ್.

ಡಿಕಾಕ್ಷನ್‌ಗೆ ನೀರು ಬೆರೆಸುತ್ತಾ ಹೋಗಿ. ಎಷ್ಟು ನೀರು ಹಾಕಿದರೂ ಕಾಫಿ ರುಚಿ ಉಳಿದಿದೆ ಅನ್ನೋದರ ಮೇಲೆ ಅದು ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ, ಅಲ್ವಾ? ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಾದ ಸೀರಮ್ಮನ್ನೂ ಹೀಗೇ ತೆಳು ಮಾಡುತ್ತಾ ನೋಡುತ್ತಿದ್ದರು. ಟೈಫಾಯ್ಡಿನ ವೈಡಾಲ್ ರಿಪೋರ್ಟಿನಲ್ಲಿ 1:80, 1:160 ಅಂತ ಬರುವುದು ಇದೇ ಲೆಕ್ಕ. ಹೆಪಟೈಟಿಸ್ ಬಿ ಟೈಟರನ್ನು ಈಗ ಮೆಷಿನ್ನೇ ಅಳೆದು ನೇರವಾಗಿ ಅಂಕಿ ಕೊಡುತ್ತದೆ.

ಆ ಅಂಕಿ 10 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ರಕ್ಷಣೆ ಇದೆ ಅಂತ ಅರ್ಥ. ಡೋಸ್‌ಗಳು 0, 1, 6ನೇ ತಿಂಗಳಿಗೆ. ಕೊನೆಯದಾದ ಒಂದೆರಡು ತಿಂಗಳಿಗೆ ಟೈಟರ್ ನೋಡಬೇಕು. ವಯಸ್ಸಾದವರಿಗೆ, ದಪ್ಪ ಇರುವವರಿಗೆ, ಸಿಗರೇಟು ಸೇದುವವರಿಗೆ ಕೆಲವೊಮ್ಮೆ ಲಸಿಕೆ ಹತ್ತುವುದಿಲ್ಲ. ಆಗ ಇನ್ನೊಂದು ಸುತ್ತು ಹಾಕಿಸಬೇಕು. ಒಮ್ಮೆ 10 ದಾಟಿದವರಿಗೆ ವರ್ಷಗಳ ಮೇಲೆ 4ಕ್ಕೆ ಇಳಿದರೂ ಸಾಮಾನ್ಯವಾಗಿ ಗಾಬರಿ ಬೇಡ. ದೇಹಕ್ಕೆ ನೆನಪು ಇರುತ್ತದೆ. ಇದು ಗೊತ್ತಿಲ್ಲದೆ ಸುಮ್ನೆ ಬೂಸ್ಟರ್ ಹಾಕಿಸಿಕೊಳ್ಳುವವರೂ ಇದ್ದಾರೆ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ, ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸುವುದು ಆಸ್ಪತ್ರೆಯ ಹೊಣೆ. ಡಾಕ್ಟರ್, ನರ್ಸ್ ಮಾತ್ರವಲ್ಲ, ಕಸ ಎತ್ತುವವರೂ ಇದರಲ್ಲಿ ಸೇರಿದ್ದಾರೆ. ನನ್ನ ಅನುಭವದಲ್ಲಿ ಟೈಟರ್ ಚೀಟಿ ಹಿಡಿದು ಬರುವವರಲ್ಲಿ ಅವರು ತೀರಾ ಕಡಿಮೆ.

ಹಾಗೆ ಬಂದ ಒಬ್ಬ ಅಕ್ಕ ನೆನಪಿದ್ದಾರೆ. ಒಂದು ನರ್ಸಿಂಗ್ ಹೋಮಿನಲ್ಲಿ ಕ್ಲೀನಿಂಗ್ ಕೆಲಸ. ಸೂಜಿ ಹೋಗಬೇಕಾದ್ದು ಬಿಳಿ ಡಬ್ಬಿಗೆ. ಯಾರೋ ಹಳದಿ ಕವರಿಗೆ ಹಾಕಿದ್ದರು, ಕೈಗೆ ಚುಚ್ಚಿತು. "ಎರಡು ಹಾಕಿಸ್ಕೊಂಡಿದ್ದೆ ಸಾರ್, ಮೂರನೇದಕ್ಕೆ ಯಾರೂ ಕರೀಲಿಲ್ಲ" ಅಂದರು. ಅದೇ ದಿನ ಮೂರನೇ ಡೋಸೂ ಆಯಿತು, ಇಮ್ಯುನೋಗ್ಲಾಬ್ಯುಲಿನ್ನೂ ಆಯಿತು. ಇದು ಸಿದ್ಧ ಪ್ರತಿಕಾಯ. ಕೂಡಲೇ ಟೈಟರ್ ನೋಡಿದರೆ ಹೊರಗಿನಿಂದ ಕೊಟ್ಟದ್ದೇ ಲೆಕ್ಕಕ್ಕೆ ಬಂದುಬಿಡುತ್ತದೆ. ಆರು ತಿಂಗಳು ಕಾಯಿಸಿ ನೋಡಿದೆವು. 140 ಬಂತು.

ಅಕ್ಕನ ಮುಖ ಸಪ್ಪಗಾಯಿತು. "140 ಅಂದ್ರೆ ಜಾಸ್ತಿ ಅಲ್ವಾ ಸಾರ್? ಅನ್ನ ಬಿಡ್ಬೇಕಾ?"