ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡರೆ ಬೆನ್ನುನೋವು ಬರಲ್ವಾ ಮೇಡಂ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಹೊಸದಾಗಿ ನರ್ಸ್ ಡ್ಯೂಟಿಗೆ ಸೇರಿದ ಹುಡುಗಿಯರು ಕೇಳುತ್ತಾರೆ, ಇಪ್ಪತ್ತು ವರ್ಷ ಸರ್ವಿಸ್ ಆದ ಸಿಸ್ಟರ್‌ಗಳೂ ಕೇಳುತ್ತಾರೆ. ಮೊನ್ನೆ ಒಬ್ಬ ಬ್ರದರ್ ಮೆಡಿಕಲ್ ಶಾಪಿನಲ್ಲಿ ನಿಂತುಕೊಂಡೇ ಫೋನ್ ಮಾಡಿ "ಮೀಡಿಯಂ ತಗೊಳ್ಳಲಾ, ಲಾರ್ಜ್ ತಗೊಳ್ಳಲಾ" ಅಂದರು. ಯಾವುದೂ ಬೇಡ ಮಾರಾಯ್ರೇ, ದುಡ್ಡು ಜೇಬಲ್ಲೇ ಇರಲಿ.

ನೋವು ಬಂದು, ಡಾಕ್ಟರೇ ನಾಲ್ಕು ದಿನ ಕಟ್ಟಿಕೊಳ್ಳಿ ಅಂದಿದ್ದರೆ ಅದು ಬೇರೆ ವಿಷಯ. ನಾನು ಹೇಳುತ್ತಿರುವುದು ನೋವೇ ಇಲ್ಲದವರು ಮುಂಜಾಗ್ರತೆಗೆ ಅಂತ ಬಿಗಿಯುವ ಬೆಲ್ಟಿನ ಬಗ್ಗೆ. ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ನಿಯೋಷ್ ಸಂಸ್ಥೆ 1994ರಲ್ಲೇ, ಇದರಿಂದ ಬೆನ್ನು ಉಳಿಯುತ್ತದೆ ಅನ್ನಲು ಪುರಾವೆ ಸಾಲದು ಅಂದಿತ್ತು. ಆಮೇಲೆ ಅಂಗಡಿಗಳಲ್ಲಿ ಸಾಮಾನು ಎತ್ತಿಡುವ 9,000ಕ್ಕೂ ಜಾಸ್ತಿ ಜನರನ್ನು ಗಮನಿಸಿದ ಅಧ್ಯಯನ 2000ದಲ್ಲಿ ಬಂತು. ದಿನಾ ಬೆಲ್ಟ್ ಕಟ್ಟಿದವರಿಗೂ ಕಟ್ಟದವರಿಗೂ ಬೆನ್ನುನೋವಿನಲ್ಲಿ ಫರಕೇ ಕಾಣಲಿಲ್ಲ.

ಯಾಕೆ ಅಂದರೆ, ಪೆಟ್ಟು ಬೀಳುವುದು ಭಾರದಿಂದ ಮಾತ್ರ ಅಲ್ಲ, ಆ ಭಾರ ಮೈಯಿಂದ ಇರುವ ದೂರದಿಂದಲೂ. ನೀರು ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ಎರಡು ಬೀದಿ ನಡೆಯುತ್ತೀರಿ. ಅದೇ ಕೊಡವನ್ನು ಕೈ ಚಾಚಿ ಮುಂದೆ ಹಿಡಿಯಿರಿ ನೋಡೋಣ, ಹತ್ತು ಎಣಿಸುವಷ್ಟರಲ್ಲಿ ಇಳಿಸುತ್ತೀರಿ. ಬೆನ್ನಿನ ಸ್ನಾಯು ಎಳೆಯುವುದು ಡಿಸ್ಕಿನ (ಬೆನ್ನುಮೂಳೆಗಳ ನಡುವಿನ ಮೆತ್ತೆಯ) ಹಿಂದೆ ಬರೀ 5 ಸೆಂಟಿಮೀಟರ್ ದೂರದಲ್ಲಿ ನಿಂತು. ಮಂಚದ ನಡುವೆ ಮಲಗಿದ ಪೇಶೆಂಟಿನ 10 ಕೆಜಿ ಕಾಲನ್ನು ಅರ್ಧ ಮೀಟರ್ ಆಚೆ, ಅಂದರೆ ಅದರ ಹತ್ತು ಪಟ್ಟು ದೂರಕ್ಕೆ ಬಗ್ಗಿ ಎತ್ತಿದರೆ, ಆ ಸ್ನಾಯು ಸುಮಾರು 100 ಕೆಜಿಯಷ್ಟು ಎಳೆಯಬೇಕು. ಹೊಟ್ಟೆ ಸುತ್ತ ಕಟ್ಟಿದ ಪಟ್ಟಿ ಈ ದೂರವನ್ನು ಒಂದು ಇಂಚೂ ಕಡಿಮೆ ಮಾಡಲ್ಲ. ಸಾಲದ್ದಕ್ಕೆ, ಬೆಲ್ಟ್ ಇದೆಯಲ್ಲ ಅನ್ನುವ ಧೈರ್ಯದಲ್ಲಿ ಒಬ್ಬರೇ ಎತ್ತಲು ಹೋಗುತ್ತೀರಿ. ನನಗೆ ಸಿಟ್ಟು ಬರುವುದು ಅಲ್ಲೇ.

ಪೇಶೆಂಟನ್ನು ಕೈಯಲ್ಲೇ ಎತ್ತುವುದಾದರೆ ಮಿತಿ ಸುಮಾರು 16 ಕೆಜಿ, ಅದೂ ಎಲ್ಲ ಅನುಕೂಲವಾಗಿದ್ದಾಗ ಅನ್ನುವುದು ಅದೇ ನಿಯೋಷ್‌ನವರ 2007ರ ಲೆಕ್ಕ. 90 ಕೆಜಿ ಇರುವವರ ಒಂದು ಕಾಲೇ ಹತ್ತಿರ ಹತ್ತಿರ 15 ಕೆಜಿ ತೂಗುತ್ತದೆ. ಇಡೀ ಮನುಷ್ಯನನ್ನು ಎತ್ತುವ ಮಾತೆಲ್ಲಿ ಬಂತು?

ಹಾಗಾಗಿ ಎತ್ತಬೇಡಿ, ಜಾರಿಸಿ. ಕೆಳಗೆ ಸರಿದ ಪೇಶೆಂಟನ್ನು ಕಂಕುಳಿಗೆ ಕೈ ಹಾಕಿ ಎಳೆಯುವುದನ್ನು ಬಿಟ್ಟುಬಿಡಿ, ಅವರ ಭುಜಕ್ಕೂ ಒಳ್ಳೆಯದಲ್ಲ. ಉಸಿರಾಟದ ತೊಂದರೆ ಇಲ್ಲದಿದ್ದರೆ ಮೊದಲು ಮಂಚದ ತಲೆ ಕಡೆ ಇಳಿಸಿ, ಇಳಿಸದಿದ್ದರೆ ಗುಡ್ಡ ಹತ್ತಿಸಿದ ಹಾಗೆ. ಮಂಚವನ್ನು ಸೊಂಟದ ಎತ್ತರಕ್ಕೆ ತನ್ನಿ. (ಮಂಚ ಏರಿಸಿ ಇಳಿಸಲು ತಿರುಗಿಸುವ ಹ್ಯಾಂಡಲ್ ನಾಲ್ಕು ಮಂಚಕ್ಕೆ ಒಂದೇ ಇರುವ ವಾರ್ಡಿನಲ್ಲಿ ನಾನೂ ಕೆಲಸ ಮಾಡಿದ್ದೇನೆ, ಹುಡುಕಿ ತನ್ನಿ.) ಆಚೆ ಒಬ್ಬರು ಈಚೆ ಒಬ್ಬರು ನಿಂತು, ಡ್ರಾ ಶೀಟಿನ (ಪೇಶೆಂಟಿನ ಕೆಳಗೆ ಅಡ್ಡಲಾಗಿ ಹಾಸಿದ ಬಟ್ಟೆಯ) ಅಂಚನ್ನು ಪೇಶೆಂಟಿನ ಮೈಗೆ ತಾಗುವವರೆಗೆ ಸುತ್ತಿ ಹಿಡಿಯಿರಿ. ಅವರಿಗೆ ಆದರೆ ಮಂಡಿ ಮಡಚಿ ತಳ್ಳಲಿ. ಮೂರು ಎಣಿಸಿ ಒಟ್ಟಿಗೆ ಜಾರಿಸಿ. ಐವಿ (ಡ್ರಿಪ್ಪಿನ ಸೂಜಿ) ಹಾಕುವಾಗ ಬಗ್ಗಿ ನಿಲ್ಲಬೇಡಿ, ಸ್ಟೂಲ್ ಎಳೆದುಕೊಂಡು ಕೂತ್ಕೊಳ್ಳಿ. ಸೋಮಾರಿ ಅಂದರೆ ಅನ್ನಲಿ.

ಇನ್ನೊಂದು ಮಾತು, ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ವಾರ್ಡಿನಲ್ಲಿ ಇಷ್ಟೆಲ್ಲ ಮಾಡಿ, ಮನೆಗೆ ಹೋಗಿ ಹಾಸಿಗೆ ಹಿಡಿದ ಅತ್ತೆಯನ್ನು ತಗ್ಗಿನ ಮಂಚದಿಂದ ಒಬ್ಬರೇ ಎತ್ತುತ್ತೀರಲ್ಲ, ಅದಕ್ಕೇನು ಹೇಳೋಣ? ಹಳೇ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅವರ ಕೆಳಗೆ ಹಾಸಿ, ಅದೇ ನಿಮ್ಮ ಡ್ರಾ ಶೀಟ್. ಆ ಕಡೆ ಹಿಡಿಯಲು ಗಂಡನನ್ನು ಕರೆಯಿರಿ, ಅವರಮ್ಮನೇ ತಾನೇ. ಬಡಗಿಗೆ ಹೇಳಿ ಮಂಚದ ಕಾಲುಗಳ ಕೆಳಗೆ ಅಲ್ಲಾಡದ ಹಾಗೆ ಮರದ ದಿಮ್ಮಿ ಇಡಿಸಿ ಎತ್ತರ ಮಾಡಿಸಿ. ಅತ್ತೆ ರಾತ್ರಿ ತಾವೇ ಇಳಿದು ಬಚ್ಚಲಿಗೆ ಹೋಗುವವರಾದರೆ ಮಾತ್ರ ದಿಮ್ಮಿ ಬೇಡ, ಕಾಲು ನೆಲಕ್ಕೆ ಸಿಗದೆ ಬಿದ್ದುಬಿಡುತ್ತಾರೆ.